ಒಬ್ಬನೇ ಮಗನ ಅಂಗಡಿ

ಸೊಲ್ಲಾಪುರದ ನವೀ ಪೇಠದಲ್ಲಿ ತಲೆ ಎತ್ತಿಕೊಂಡು ಒಂದು ಸುತ್ತು ಹಾಕಿದರೆ ಸಾಕು, ಕುಟುಂಬ ಯೋಜನೆ ಈ ಊರಿನಲ್ಲಿ ಎಷ್ಟು ಜೋರಾಗಿ ಫಲಿಸಿದೆ ಎಂಬುದು ತಿಳಿಯುತ್ತದೆ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಕಿರಾಣಿ ಅಂಗಡಿ, ಎಲ್ಲಿ ನೋಡಿದರೂ ಅಪ್ಪನ ಹೆಸರಾದ ಮೇಲೆ “ಅಂಡ್ ಸನ್’ಸ್”. ಎಸ್ಸಿಗೆ ಮುಂಚೆ ತಲೆಯ ಮಟ್ಟದಲ್ಲಿ ಒಂದು ಕೊಕ್ಕೆ. ಇಂಗ್ಲಿಷ್ ವ್ಯಾಕರಣವನ್ನು ನಂಬುವುದಾದರೆ ಈ ಮಾಲಕರಿಗೆಲ್ಲ ಗಂಡು ಸಂತಾನ ಒಂದೊಂದೇ. ಹಾಗಾದರೆ ಗಲ್ಲೆಯ ಮೇಲೆ ಅಕ್ಕಪಕ್ಕ ಕೂತ ಮೂವರಲ್ಲಿ ಉಳಿದಿಬ್ಬರು ಯಾರು ಎಂದು ಕೇಳಲು ನನಗೆ ಧೈರ್ಯ ಬಂದಿಲ್ಲ.

ಆ ಕೊಕ್ಕೆಯ ಹೆಸರು ಅಪಾಸ್ಟ್ರಫಿ. ಕೆಲಸ ಸಣ್ಣದು, ಜಂಬ ದೊಡ್ಡದು. ಒಬ್ಬನ ಸೊತ್ತಾದರೆ ಎಸ್ಸಿಗಿಂತ ಮುಂಚೆ ಬರಬೇಕು: ಬಾಯ್’ಸ್ ಎಂದರೆ ಒಬ್ಬ ಹುಡುಗನದು. ಹಲವರ ಸೊತ್ತಾದರೆ ಎಸ್ಸು ಮುಗಿದ ಮೇಲೆ: ಬಾಯ್ಸ್’ ಎಂದರೆ ಅಷ್ಟೂ ಹುಡುಗರದು. ಚಿಲ್ಡ್ರನ್, ಮೆನ್, ವಿಮೆನ್ ಇವು ಎಸ್ಸಿನ ಹಂಗಿಲ್ಲದೆ ಬಹುವಚನವಾದಂಥವು, ಅವಕ್ಕೆ ಮತ್ತೆ ಮುಂಚೆಯೇ: ಚಿಲ್ಡ್ರನ್’ಸ್. ಯಾರ ಒಡೆತನದ ಮಾತೂ ಇಲ್ಲದೆ ಬರೀ “ಹಲವು” ಎಂದು ಹೇಳುವುದಿದ್ದರೆ ಕೊಕ್ಕೆಯೇ ಬೇಡ. ಏಳನೇ ಇಯತ್ತೆಯ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತು ಮುಗಿಸಬಹುದಾದ ಪಾಠ. “ಅಂಡ್ ಸನ್ಸ್” ಎನ್ನುವಲ್ಲಿ ಮಕ್ಕಳು ಯಾವುದರ ಒಡೆಯರೂ ಅಲ್ಲ, ಅಪ್ಪನ ಪಕ್ಕದಲ್ಲಿ ಕೈಕಟ್ಟಿ ನಿಂತವರು. ಅಲ್ಲಿ ಕೊಕ್ಕೆಗೆ ನೌಕರಿಯೇ ಇಲ್ಲ.

ಆದರೆ ನೌಕರಿ ಇಲ್ಲದವರೇ ಊರಲ್ಲಿ ಜಗಳ ಹಚ್ಚುವುದು. ನಾಳೆ ಅಪ್ಪ ಕಣ್ಣು ಮುಚ್ಚಿ, ಆಸ್ತಿಯ ವಾಟ್ನಿಗೆ ಮಕ್ಕಳು ಕೂತಾಗ, ಹಿರಿಯ ಮಗನ ವಕೀಲ ಬೋರ್ಡಿನ ಫೋಟೋ ತೆಗೆದು ಸಿವಿಲ್ ಜಡ್ಜರ ಮುಂದೆ ಇಟ್ಟನೆನ್ನಿ: “ಸ್ವಾಮಿ, ಮಗ ಒಬ್ಬನೇ ಎಂದು ತೀರಿಹೋದ ಯಜಮಾನರೇ ಎರಡು ಅಡಿ ಅಕ್ಷರದಲ್ಲಿ ಊರಿಗೆ ಸಾರಿದ್ದಾರೆ.” ಕಿರಿಯನ ವಕೀಲ ಎದ್ದು, “ಆ ಒಬ್ಬ ಯಾರು ಎಂದು ಬೋರ್ಡು ಹೇಳುವುದಿಲ್ಲ, ನನ್ನ ಕಕ್ಷಿದಾರನೂ ಇರಬಹುದು” ಎನ್ನುತ್ತಾನೆ. ನಡುವಿನವನು ಆಗ ಫ್ಲೆಕ್ಸ್ ಅಂಗಡಿಯವನನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ. ಇಷ್ಟು ಹೊತ್ತು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿರುವ ಮಗಳ ಮಾತನ್ನು ಯಾರೂ ಎತ್ತಿಲ್ಲ, ಗಮನಿಸಿದಿರಾ? ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಮಹಾರಾಷ್ಟ್ರದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. “ಅಂಡ್ ಡಾಟರ್ಸ್” ಎಂಬ ಬೋರ್ಡು ಮಾತ್ರ ಸೊಲ್ಲಾಪುರದಲ್ಲಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಬಿದ್ದ ದಿನ, ಅದರಲ್ಲಿ ಹತ್ತು ತಪ್ಪು ಕೊಕ್ಕೆಗಳಿದ್ದರೂ ಹತ್ತನ್ನೂ ಮಾಫ್ ಮಾಡಿ ಅಲ್ಲಿಯೇ ಹಬ್ಬದ ಬಟ್ಟೆ ಖರೀದಿ ಮಾಡುತ್ತೇನೆ.

ಈ ಕೊಕ್ಕೆ ಹುಟ್ಟುವ ಜಾಗ ಫ್ಲೆಕ್ಸ್ ಅಂಗಡಿ. ಅಲ್ಲಿ ಕೋರೆಲ್ ಡ್ರಾ ತೆರೆದುಕೊಂಡು ಕೂತ ಹುಡುಗ ಪುಢಾರಿಗಳ ವಾಢದಿವಸದ ಶುಭೇಚ್ಛೆ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಮೂರನ್ನೂ ಒಂದೇ ಹೊತ್ತಿಗೆ ಮಾಡುತ್ತಿರುತ್ತಾನೆ. ಗಿರಾಕಿಯ ಜೊತೆ ಮರಾಠಿ, ಮಶಿನ್ ನಡೆಸುವವನ ಜೊತೆ ತೆಲುಗು, ಚಹಾ ತಂದವನ ಜೊತೆ ದಖ್ಖನಿ, ಫೋನಿನಲ್ಲಿ ಅವ್ವನ ಜೊತೆ ಕನ್ನಡ. ಇಂಗ್ಲಿಷಿನ ಜೊತೆ ಅವನಿಗೆ ಮಾತುಕತೆ ಇಲ್ಲ, ಟೈಪ್ ಮಾಡುವ ಸಂಬಂಧ ಮಾತ್ರ. ಪರದೆಯ ಮೇಲೆ ಒಂದು ಸೀರೆ ಅಂಗಡಿಯ ಬೋರ್ಡು ತಯಾರಾಗುತ್ತಿತ್ತು: “ಸಾರೀ’ಸ್, ಟಾವೆಲ್’ಸ್, ಚಾದರ್’ಸ್”.

“ಅಣ್ಣಾ, ಈ ಮ್ಯಾಲಿನ ಕಾಮಾ ಯಾಕ ಹಾಕೀದಿ?”

“ಎಸ್ ಬಂತಲ್ರೀ ಸರ. ಎಸ್ ಬಂದ್ರ ಹಾಕೂದ ಇರ್ತದ.”

“ಎಲ್ಲಾ ಎಸ್‌ಗೂ?”

“ಕಡೀ ಎಸ್‌ಗೆ ಅಷ್ಟ ರೀ.” ಸ್ವಲ್ಪ ಯೋಚನೆ ಮಾಡಿ, “ಬಸ್ಸಿಗಿ ಹಾಕಂಗಿಲ್ಲ ಮತ್ತ” ಎಂದು ತಿದ್ದಿಕೊಂಡ.

ನಿಯಮ ಅಂದರೆ ಹೀಗಿರಬೇಕು, ಒಂದು ವಿಧಿ, ಒಂದು ಅಪವಾದ. “ತಗದ್ರ ಏನಾಗ್ತದ?” ಎಂದೆ. “ನನಗೇನೂ ಆಗಂಗಿಲ್ರೀ. ಗಿರಾಕಿ ಬಂದು, ಬಾಜೂ ದುಕಾನದಾಂವಗ ಹಾಕೀದಿ, ನನಗ್ಯಾಕ ಹಾಕಿಲ್ಲ ಅಂತ ಜಗಳ ತಗೀತಾರ.” ಹಿಂದೆ ಪೇಂಟರ್ ಅಕ್ಷರದ ಲೆಕ್ಕದಲ್ಲಿ ದುಡ್ಡು ಎಣಿಸಿಕೊಳ್ಳುವಾಗ ಜನ ಕೊಕ್ಕೆಯ ವಿಚಾರದಲ್ಲಿ ಕೈ ಬಿಗಿಹಿಡಿಯುತ್ತಿದ್ದರು. ಈಗ ಫ್ಲೆಕ್ಸಿಗೆ ಚದರ ಅಡಿಯ ಲೆಕ್ಕ, ಕೊಕ್ಕೆ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವ ವ್ಯಾಪಾರಿಯನ್ನು ಸೊಲ್ಲಾಪುರ ಇನ್ನೂ ಹೆತ್ತಿಲ್ಲ.

ಬೋರ್ಡುಗಳನ್ನು ಅಕ್ಷರಶಃ ಓದುತ್ತ ಅಕ್ಕಲಕೋಟೆಯವರೆಗೆ ಹೋಗಿ, ನಲವತ್ತು ಕಿಲೋಮೀಟರ್ ದಾರಿ ಸವೆದದ್ದೇ ಗೊತ್ತಾಗುವುದಿಲ್ಲ. “ಬಾಯ್’ಸ್ ಹಾಸ್ಟೆಲ್” ಎಂದು ಬರೆದ ಮೂರು ಮಾಳಿಗೆಯ ಕಟ್ಟಡ: ಒಬ್ಬನೇ ಹುಡುಗನಿಗಾಗಿ ಎಂಥ ಏರ್ಪಾಡು, ಪಾಪ, ರಾತ್ರಿ ಅಂಜಿಕೆ ಬರುವುದಿಲ್ಲವೆ? “ಲೇಡೀ’ಸ್ ಟೇಲರ್”: ಒಬ್ಬಳೇ ಹೆಣ್ಣುಮಗಳ ಬಟ್ಟೆ ಹೊಲಿಯುವುದಾಗಿ ಹಾಡುಹಗಲೇ ಘೋಷಿಸಿಕೊಂಡವನ ಮನೆಯಲ್ಲಿ ಶಾಂತಿ ಹೇಗಿದೆಯೋ. “ಪೇಷಂಟ್’ಸ್ ವೇಟಿಂಗ್ ರೂಮ್”: ಒಬ್ಬನೇ ರೋಗಿ ಎಂದು ಡಾಕ್ಟರು ಒಪ್ಪಿಕೊಂಡದ್ದು ಪ್ರಾಮಾಣಿಕತೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರಿಗಾಗಿ ಇರುವ ಒಂದು ಲಾಡ್ಜಿನ ಮೇಲೆ “ರೂಮ್’ಸ್ ಅವೇಲೆಬಲ್”. ರೂಮಿನದು ಏನೋ ಒಂದು ಸಿಗುತ್ತದೆ. ಏನೆಂದು ಒಳಗೆ ಹೋದ ಮೇಲೆಯೇ ತಿಳಿಯಬೇಕು. ಗುರುವಾರದ ಗದ್ದಲದಲ್ಲಿ ಜಾಗ ಹುಡುಕುವ ಭಕ್ತರು ಇದನ್ನು ಓದಿ ತಪ್ಪು ತಿಳಿದುಕೊಂಡದ್ದು ನಾನು ಕಂಡಿಲ್ಲ. ಎಲ್ಲರಿಗೂ ರೂಮು ಸಿಕ್ಕಿದೆ.

ಮಾತಿನ ಗಂಟು ಇರುವುದು ಅಲ್ಲೇ. ಯಾರಿಗೂ ತಪ್ಪು ತಿಳಿಯುವುದಿಲ್ಲ. ಕೊಕ್ಕೆ ಎಲ್ಲಿ ಬಿದ್ದರೂ ಹುಡುಗರು ಹಾಸ್ಟೆಲಿಗೆ, ಹೆಂಗಸರು ಟೇಲರ್ ಹತ್ತಿರ ಸರಿಯಾಗಿಯೇ ಹೋಗಿ ಸೇರುತ್ತಾರೆ. ನಗುವವರು ಮಾತ್ರ ಬೇರೆ ಜಾತಿ. ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಯಿಂದ ರಜೆಗೆ ಬಂದಿಳಿಯುವ ಐಟಿ ಹುಡುಗರು ಸ್ಟೇಶನ್ ದಾಟುವಷ್ಟರಲ್ಲಿ ನಾಲ್ಕು ಬೋರ್ಡಿನ ಫೋಟೋ ಹೊಡೆದು, ಗೆಳೆಯರ ಗುಂಪಿಗೆ ಕಳಿಸಿ, ಕಣ್ಣಲ್ಲಿ ನೀರು ಬರುವಂತೆ ನಗುವ ಚಿಹ್ನೆಗಳನ್ನು ಸಾಲಾಗಿ ಹಚ್ಚುತ್ತಾರೆ. ಕೆಳಗೆ ಒಂದು ಸಾಲು ಷರಾ: “ಸೊಲ್ಲಾಪುರ್ ಅಂಡ್ ಇಟ್’ಸ್ ಇಂಗ್ಲಿಷ್”. ಕೊಕ್ಕೆ ಹಾಕಿದ ಇಟ್’ಸ್ ಎಂದರೆ “ಇಟ್ ಈಸ್”, “ಅದರ” ಎನ್ನುವ ಇಟ್ಸ್‌ಗೆ ಕೊಕ್ಕೆಯಿಲ್ಲ ಎಂಬುದನ್ನು ಅವರಿಗೆ ತಿಳಿಸಿ ಹೇಳುವವರು ಆ ಗುಂಪಿನಲ್ಲಿ ಯಾರೂ ಇಲ್ಲ. ಅವರಿಗೆ ಕಲಿಸಿದ ಮೇಷ್ಟ್ರು ರಜೆ ಅರ್ಜಿಯ ಕೊನೆಗೆ “ಯುವರ್’ಸ್ ಫೇತ್‌ಫುಲಿ” ಎಂದು ಬರೆಸಿದವರು. ಯುವರ್ಸ್, ಅವರ್ಸ್, ಹರ್ಸ್, ದೇರ್ಸ್: ಇವು ಹುಟ್ಟುತ್ತಲೇ ಒಡೆತನ ಹೊತ್ತು ಬಂದ ಶಬ್ದಗಳು, ಮೇಲೆ ಇನ್ನೊಂದು ಮುದ್ರೆ ಬೇಡುವುದಿಲ್ಲ. ತಹಸೀಲ ಕಚೇರಿಯ ಫೈಲುಗಳನ್ನು ಕೊಡವಿದರೆ ಅರ್ಧ ಚೀಲ ಯುವರ್’ಸ್ ಕೊಕ್ಕೆಗಳು ಉದುರಬಹುದು. ಅವನ್ನು ಓದಿದ ಸಾಹೇಬರೂ ಹಾಗೆಯೇ ಬರೆದು ಮೇಲಿನವರಿಗೆ ಕಳಿಸಿದ್ದಾರೆ.

ಶಹರದ ಹೊರಗಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಹೆಸರು ಹೇಳಲಾರೆ. ಗೇಟಿನ ಮೇಲೆ ಹಿತ್ತಾಳೆಯ ಅಕ್ಷರದಲ್ಲಿ “ಪೇರೆಂಟ್’ಸ್ ಆರ್ ರಿಕ್ವೆಸ್ಟೆಡ್” ಎಂದಿದೆ. ಫ್ಲೆಕ್ಸ್ ಆದರೆ ಬಿಸಿಲಿಗೆ ಒಂದು ವರ್ಷದಲ್ಲಿ ಹರಿದುಹೋಗುತ್ತದೆ, ಹಿತ್ತಾಳೆಯ ತಪ್ಪು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಮಗುವಿಗೆ ಕನ್ನಡ ಬಿಡಿಸಿ, ಮರಾಠಿ ಬಿಡಿಸಿ, ಎಮ್ಮೆ ಮಾರಿ ಫೀ ತುಂಬುವ ಅಕ್ಕಲಕೋಟೆ ಕಡೆಯ ರೈತ ಆ ಕೊಕ್ಕೆಯ ಕೆಳಗಿಂದಲೇ ತಲೆ ಬಾಗಿಸಿ ಒಳಗೆ ಹೋಗುತ್ತಾನೆ. ಫ್ಲೆಕ್ಸ್ ಹುಡುಗನ ತಪ್ಪಿಗೆ ನಗುವವರು ಇಲ್ಲಿ ನಗುವುದಿಲ್ಲ. ಇಲ್ಲಿ ಅವರ ಮಗುವೂ ಓದುತ್ತಿದೆ.

ಇನ್ನು ಈ ಕೊಕ್ಕೆಯ ತವರುಮನೆಯ ಸ್ಥಿತಿ ಕೇಳಿ. ಹಳೆಯ ಇಂಗ್ಲಿಷಿನಲ್ಲಿ “ಇಎಸ್” ಎಂಬ ಷಷ್ಠೀ ಪ್ರತ್ಯಯವಿತ್ತು. ಕಾಲಾಂತರದಲ್ಲಿ “ಇ” ಉದುರಿತು. ಉದುರಿದ ಅಕ್ಷರದ ಜಾಗದಲ್ಲಿ ಅಚ್ಚುಕೂಟದವರು ಇಟ್ಟ ಗುರುತು ಇದು. ಹಲವರದಕ್ಕೆ ಎಸ್ಸಿನ ಆಚೆ ಹಾಕಬೇಕೆಂಬ ನಿಯಮ ಗಟ್ಟಿಯಾಗಲು ಹದಿನೆಂಟನೇ ಶತಮಾನ ಬೇಕಾಯಿತು. ಅಂದರೆ ನಮ್ಮ ಕೇಶಿರಾಜ ಕನ್ನಡದ ವಿಭಕ್ತಿಗಳಿಗೆ ಸೂತ್ರ ಕಟ್ಟಿ ಮುಗಿಸಿ ಐನೂರು ವರ್ಷವಾದರೂ ಆಂಗ್ಲರು ಕೊಕ್ಕೆಯನ್ನು ಎಲ್ಲಿ ನೇತುಹಾಕುವುದೆಂದು ಗೋಡೆ ಹುಡುಕುತ್ತಿದ್ದರು. ಬರ್ನಾರ್ಡ್ ಷಾ ಡೋಂಟ್, ವೋಂಟ್‌ಗಳಿಂದ ಅದನ್ನು ಕಿತ್ತೊಗೆದು ನಾಟಕ ಬರೆದ, ನೊಬೆಲ್ ತಪ್ಪಲಿಲ್ಲ. ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್’ಸ್ ಕೋರ್ಟ್ ಸ್ಟೇಶನ್ನಿಗೆ ಕೊಕ್ಕೆ ಇದೆ, ಅದರ ಮುಂದಿನ ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಹ್ಯಾರಡ್ಸ್ ಅಂಗಡಿಗೆ ಇಲ್ಲ. ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ ಅಂತರ್ಜಾಲದ ವಿಳಾಸಕ್ಕೆ ತೊಡಕೆಂದು 2012ರಲ್ಲಿ ಇಳಿಸಿಹಾಕಿತು. ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ರಸ್ತೆ ಫಲಕಗಳಿಂದ ಕೊಕ್ಕೆಗೆ ರಜೆ ಕೊಟ್ಟಿತು. ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್ 2024ರಲ್ಲಿ ಕಂಪ್ಯೂಟರಿಗೆ ತ್ರಾಸಾಗುತ್ತದೆಂದು ಅದೇ ದಾರಿ ಹಿಡಿದಾಗ, ಹ್ಯಾರೋಗೇಟಿನ ಸೇಂಟ್ ಮೇರೀಸ್ ವಾಕ್ ಫಲಕದ ಮೇಲೆ ಯಾರೋ ಪೆನ್ನಿನಿಂದ ಕೊಕ್ಕೆ ಬರೆದು ಹೋದರು. ಬ್ರಿಸ್ಟಲ್‌ನಲ್ಲಿ ಒಬ್ಬ ಪುಣ್ಯಾತ್ಮ ಉದ್ದ ಕೋಲಿನ ಸಲಕರಣೆ ಮಾಡಿಕೊಂಡು ರಾತ್ರಿ ಹೊತ್ತು ಅಂಗಡಿ ಬೋರ್ಡುಗಳ ಕೊಕ್ಕೆ ತಿದ್ದುತ್ತ ಅಡ್ಡಾಡುತ್ತಿದ್ದ. ಆತ ಸೊಲ್ಲಾಪುರಕ್ಕೆ ಬಂದಿದ್ದರೆ ಕೋಲು ಸವೆಯುತ್ತಿತ್ತು, ಪೇಠ ಮುಗಿಯುತ್ತಿರಲಿಲ್ಲ.

ಎಲ್ಲಕ್ಕಿಂತ ನನಗೆ ಪ್ರೀತಿ ಹುಟ್ಟಿಸಿದವರು ಜಾನ್ ರಿಚರ್ಡ್ಸ್. ನಿವೃತ್ತ ಪತ್ರಕರ್ತ. 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣಾ ಸಂಘ ಕಟ್ಟಿ, ತಪ್ಪು ಮಾಡಿದ ಅಂಗಡಿಯವರಿಗೆ ವಿನಯದ ಪತ್ರ ಬರೆಯುತ್ತ ಹೋದರು. 2019ರಲ್ಲಿ, 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವೆಂದು ಸಂಘಕ್ಕೆ ಬೀಗ ಹಾಕಿದರು. ತಮ್ಮ ಭಾಷೆಯ ಒಂದು ಕೊಕ್ಕೆಗಾಗಿ ಹದಿನೆಂಟು ವರ್ಷ ಟಪಾಲು ಖರ್ಚು ಮಾಡಿದ ಮನುಷ್ಯನ ಬಗ್ಗೆ ಕುಹಕ ಆಡಲು ನನ್ನ ನಾಲಗೆ ಏಳುವುದಿಲ್ಲ. ಅತ್ತ ಅಮೆರಿಕದಲ್ಲಿ 1890ರಲ್ಲಿ ಹುಟ್ಟಿದ ಸ್ಥಳನಾಮ ಮಂಡಳಿ ಊರು, ಬೆಟ್ಟ, ಹೊಳೆಗಳ ಹೆಸರಿನಲ್ಲಿ ಒಡೆತನದ ಕೊಕ್ಕೆ ಕೂಡದೆಂಬ ಹಟ ಹಿಡಿದಿದೆ. ಮಾರ್ಥಾಸ್ ವಿನ್ಯರ್ಡ್ ಸೇರಿ ವಿನಾಯಿತಿ ಸಿಕ್ಕಿದ್ದು ಬೆರಳೆಣಿಕೆಯಷ್ಟಕ್ಕೆ. ನೆಲದ ಹೆಸರಿನಲ್ಲಿ ಯಾರ ಮಾಲಕಿಯ ಗುರುತೂ ಬೇಡ ಎನ್ನುವ ಈ ಮಂಡಳಿಯ ಒಂದು ಶಾಖೆಯನ್ನು ನಮ್ಮ ಗಡಿಯಲ್ಲಿ ತೆರೆಯಬೇಕಿತ್ತು.

ಏಕೆಂದರೆ ಇಲ್ಲಿ ಅಸಲು ಕೊಕ್ಕೆ ನೇತಾಡುತ್ತಿರುವುದು ಅಂಗಡಿಯ ಮೇಲಲ್ಲ, ಊರಿನ ಮೇಲೆ. ಸೊಲ್ಲಾಪುರ ಯಾರದು, ಅಕ್ಕಲಕೋಟೆ ಯಾರದು? 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯೂ ಸೇರಿ 247 ಊರುಗಳನ್ನು ಮೈಸೂರು ರಾಜ್ಯಕ್ಕೆ ಕೊಡಿ ಎಂದಿತು. ಅತ್ತ 264 ಊರು ಮಹಾರಾಷ್ಟ್ರಕ್ಕೆ ಎಂದಿತು. ವರದಿ ಕಪಾಟು ಸೇರಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು, ತೀರ್ಪು ಇನ್ನೂ ಬಂದಿಲ್ಲ. 2022ರ ಕೊನೆಗೆ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಪಂಚಾಯಿತಿಗಳು “ನೀರು, ರಸ್ತೆ ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ” ಎಂದಾಗ ಎರಡೂ ಕಡೆಯ ಪುಢಾರಿಗಳಿಗೆ ಈ ಹಳ್ಳಿಗಳ ಹೆಸರು ಒಂದು ವಾರ ಬಾಯಿಪಾಠವಾಗಿತ್ತು. ಆಮೇಲೆ ಮರೆತರು. ಹಳ್ಳಿಯವರು ಕೇಳಿದ್ದು ನೀರು. ಇಬ್ಬರೂ ಕೊಟ್ಟದ್ದು ಅಭಿಮಾನ.

ಮನುಷ್ಯರಿಗೂ ಇದೇ ಕೊಕ್ಕೆ ಹಚ್ಚಲು ಹೋದರೆ ಫಜೀತಿ. ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮ ಕನ್ನಡದಲ್ಲಿ ವಚನ ನುಡಿದವನು. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಅವನಿಗೆ ಜೈಕಾರ ನಾಲ್ಕು ಭಾಷೆಯಲ್ಲಿ ಬೀಳುತ್ತದೆ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿ, ರಾಜ್ಯಗಳನ್ನು ಹರಿದು ಹೊಲಿದ ವರ್ಷವೇ ಧಾರವಾಡಕ್ಕೆ ತಿರುಗಿದರು. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಇವರೆಲ್ಲ ಯಾರ ಸೊತ್ತು? ಬಹುವಚನದ ಕೊಕ್ಕೆ, ಎಸ್ಸಿನ ಆಚೆಗಿನದು, ಇಲ್ಲಿ ಬೇಕು. ಎರಡೂ ಸರ್ಕಾರಗಳು ಏಕವಚನದ್ದನ್ನೇ ಹಿಡಿದು ಕೂತಿವೆ.

ಬೋರ್ಡಿನ ಮಾತಿಗೇ ಬರೋಣ. 2022ರ ಕಾಯ್ದೆ ತಿದ್ದುಪಡಿ ಪ್ರಕಾರ ಮಹಾರಾಷ್ಟ್ರದ ಸಣ್ಣ ದೊಡ್ಡ ಎಲ್ಲ ಅಂಗಡಿಗಳೂ ಹೆಸರನ್ನು ಮೊದಲು ದೇವನಾಗರಿ ಲಿಪಿಯ ಮರಾಠಿಯಲ್ಲಿ ಬರೆಸಬೇಕು. ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರಕೂಡದು. 2023ರಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವನ್ನೂ ಕೊಟ್ಟಿತು. ಸರಿಯಾದ ಕಾಯ್ದೆಯೇ, ತಕರಾರಿಲ್ಲ. ದೇವನಾಗರಿಯಲ್ಲಿ ಅಪಾಸ್ಟ್ರಫಿ ಇಲ್ಲದ್ದರಿಂದ ಜಾನ್ ರಿಚರ್ಡ್ಸರಿಂದ ಆಗದ ಕೆಲಸ ಸರ್ಕಾರದಿಂದ ಅರ್ಧ ಆಗಿಯೂ ಹೋಯಿತು. ಆದರೆ ಆ ದೊಡ್ಡ ಮರಾಠಿ ಅಕ್ಷರಗಳಲ್ಲಿ ಬರೆದಿರುವುದು ಏನು? “ಮೋಬೈಲ್ ಶಾಪೀ”, “ಮೆನ್ಸ್ ವೇಅರ್”, “ಲೇಡೀಜ್ ಕಾರ್ನರ್”. ಲಿಪಿ ಶಿವಾಜಿಯದು, ಮಾತು ಶೇಕ್ಸ್‌ಪಿಯರನದು. ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಬೇಕೆಂದು ಕರ್ನಾಟಕದಲ್ಲಿ 2024ರಲ್ಲಿ ಕಾಯ್ದೆ ತಂದವರ ಕಥೆಯೂ ಇದೇ. ಅಲ್ಲಿ “ಫ್ಯಾಷನ್ ಹಬ್” ಎಂದು ಕನ್ನಡ ಲಿಪಿಯಲ್ಲಿ ಬರೆದರೆ ನುಡಿ ಉದ್ಧಾರವಾಯಿತು.

ಈಗ ಅಕ್ಕಲಕೋಟೆ ಪೇಟೆಯ ಒಂದು ಬಟ್ಟೆ ಅಂಗಡಿ ನೋಡಿ. ಮಾಲಕರು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕನ್ನಡ. ದುಧನಿ, ಮೈಂದರ್ಗಿ, ನಾಗಣಸೂರ ಕಡೆಯಿಂದ ಬರುವ ಗಿರಾಕಿಯೂ ಹೆಚ್ಚಾಗಿ ಕನ್ನಡ. ದರ ಇಳಿಸುವ ಜಗಳ ಕನ್ನಡ, ಉದ್ರಿ ಕೇಳುವ ಸಂಕೋಚ ಕನ್ನಡ. ಬೋರ್ಡಿನ ಮೇಲೆ ಮೊದಲ ಸಾಲು ಮರಾಠಿ, ಅದು ಕಾಯ್ದೆ. ಎರಡನೇ ಸಾಲು ಇಂಗ್ಲಿಷ್, ಅದು ಹೌಸು, ಕೊಕ್ಕೆಯ ಸಮೇತ. ಮೂರನೇ ಸಾಲು ಇಲ್ಲ. ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಹುಡುಗಿ ಅದನ್ನು ಓದಿ ಪಾಸಾಗುತ್ತಾಳೆ. ಆಮೇಲೆ ಅವ್ವನ ಕೈ ಹಿಡಿದು ಪೇಟೆಗೆ ಬಂದರೆ, ಕಲಿತ ಅಕ್ಷರದಲ್ಲಿ ಓದಲು ಅಂಗಡಿ ಬೋರ್ಡು ಸಿಗುವುದು ಅಪರೂಪ. “ಯಾಕ್ರಿ ಕಾಕಾ, ಕನ್ನಡದಾಗ ಒಂದು ಸಾಲು ಬರಸಬಾರದ?” ಎಂದು ಮಾಲಕರನ್ನು ಕೇಳಿದೆ. “ಯಾರ ಓದತಾರ್ರೀ?” ಎಂದರು. ಆ ಪ್ರಶ್ನೆ ಇಂಗ್ಲಿಷ್ ಸಾಲಿಗೆ ಬರಲಿಲ್ಲ, ಅದರ ಕೊಕ್ಕೆಗಂತೂ ಬರಲೇ ಇಲ್ಲ.

ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆಯ ಫ್ಲೆಕ್ಸ್ ಅಂಗಡಿಯ ತಮ್ಮಂದಿರಲ್ಲಿ, ಅವರ ಗಿರಾಕಿ ಕಾಕಾಗಳಲ್ಲಿ ವಿನಂತಿ. ಸಂದೇಹ ಬಂದಲ್ಲೆಲ್ಲ ಕೊಕ್ಕೆ ತೆಗೆದುಬಿಡಿ. ಮಾಲು ಮಾರುವ ಬೋರ್ಡಿನಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದೇ ಸರಿ ಇರುತ್ತದೆ. ಅದರ ಜೊತೆಗೆ ಇಂಗ್ಲಿಷ್ ಸಾಲಿನ ಕೆಳಗೆ ಅಂಗಡಿಯ ಹೆಸರನ್ನು ಕನ್ನಡದಲ್ಲಿ ಒಮ್ಮೆ ಬರೆಯಿರಿ. ಮರಾಠಿ ಮೇಲಿದ್ದು, ಕನ್ನಡದ ಅಕ್ಷರ ಅದಕ್ಕಿಂತ ದೊಡ್ಡದಾಗದಿದ್ದರೆ ಕಾಯ್ದೆಯ ಅಡ್ಡಿಯೇನೂ ಇಲ್ಲ, ಚದರ ಅಡಿಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.